ಒಂದು ಕಿಣ್ವ, ನಾಲ್ಕು ಕೊಟೇಶನ್: ಯಾವ ಆಂಟಿಬಾಡಿ ತರಿಸೋದು?

ಕೊಟೇಶನ್‌ಗಳಿಗೆ ಪಿನ್ ಹೊಡೆದುಕೊಂಡು ಯಾರಾದರೂ ನನ್ನ ಟೇಬಲ್ ಹತ್ತಿರ ಬಂದು ನಿಂತರೆ, ಕೇಳುವುದೇನು ಅಂತ ಮೊದಲೇ ಗೊತ್ತಾಗುತ್ತದೆ. "ಮೇಡಂ, ಇದರಲ್ಲಿ ಯಾವುದು ತರಿಸಲಿ?"

ಕಳೆದ ತಿಂಗಳು ಒಂದೇ ವಾರದಲ್ಲಿ ಮೂವರು ಕೇಳಿದರು. ಒಬ್ಬಳು ಇಲ್ಲೇ ಮೈಸೂರಿನವಳು, ಪ್ಲೇಟಿನಲ್ಲಿ ಕ್ಯಾನ್ಸರ್ ಜೀವಕೋಶ ಬೆಳೆಸುತ್ತಾಳೆ. ಇನ್ನೊಬ್ಬನದು ಇಲಿಯ ಲಿವರ್. ಮೂರನೆಯವನು ಮಂಡ್ಯದಿಂದ ಫೋನ್ ಮಾಡಿದ. ಅವನದು ಭತ್ತದ ಎಲೆ, ಪಕ್ಕದ ಬೆಂಚಿನ ಗೆಳತಿಯದು ರೇಷ್ಮೆ ಹುಳು. ಎಲ್ಲರೂ ಹುಡುಕುತ್ತಿರುವುದು ಒಂದೇ ಕಿಣ್ವವನ್ನು, ಇಲ್ಲವೇ ಅದರ ದಾಯಾದಿಗಳನ್ನು. ಅದು ಇಆರ್‌ಕೆ. ಸ್ಯಾಂಪಲ್ಲಿನಲ್ಲಿ ಅದನ್ನೇ ಹುಡುಕಿ ಹಿಡಿಯುವ ಪ್ರೋಟೀನ್ ಆಂಟಿಬಾಡಿ. ಮೂವರಿಗೂ ಹೇಳಿದ ಉತ್ತರ ಬೇರೆ ಬೇರೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಲ್ಯಾಬಿನಲ್ಲಿ ಇದನ್ನು "ಅರ್ಕ್" ಅಂತಲೇ ಕರೆಯುವುದು. ನಮ್ಮ ಅಟೆಂಡರ್ ಒಮ್ಮೆ "ಯಾವ ಅರ್ಕ ಮೇಡಂ, ಎಕ್ಕದ ಗಿಡದ್ದಾ?" ಅಂತ ಕೇಳಿದ್ದರು. ಅವತ್ತಿನಿಂದ ನಮ್ಮ ಆಂಟಿಬಾಡಿ ಡಬ್ಬಿಯ ಮುಚ್ಚಳದ ಮೇಲೆ ಒಂದು ಎಕ್ಕದ ಎಲೆಯ ಚಿತ್ರವಿದೆ.

ಜೀವಕೋಶದ ಹೊರಗಿನಿಂದ "ಬೆಳೆ", "ಬದಲಾಗು" ಅನ್ನುವ ಸುದ್ದಿ ಬಂದಾಗ ಅದನ್ನು ಒಳಕ್ಕೆ ದಾಟಿಸುವ ಸಾಲಿನಲ್ಲಿ ರಾಸ್, ರಾಫ್, ಮೆಕ್ ಅನ್ನುವ ಪ್ರೋಟೀನ್‌ಗಳು ಆದಮೇಲೆ ನಿಂತಿರುವುದು ಇಆರ್‌ಕೆ. ಅಣ್ಣ ತಮ್ಮ ಇಬ್ಬರು: ಇಆರ್‌ಕೆ-1 ಸುಮಾರು 44 ಕಿಲೋಡಾಲ್ಟನ್ (ಪ್ರೋಟೀನ್ ತೂಗುವ ಅಳತೆ), ಇಆರ್‌ಕೆ-2 ಸುಮಾರು 42. ಸುದ್ದಿ ಬರುವವರೆಗೂ ಇಬ್ಬರೂ ಸುಮ್ನೆ ಕೂತಿರುತ್ತಾರೆ. ಮೆಕ್ ಬಂದು ಒಂದು ಥ್ರಿಯೊನೀನ್ ಮೇಲೆ, ಒಂದು ಟೈರೊಸೀನ್ ಮೇಲೆ ಫಾಸ್ಫೇಟ್ ಕೂರಿಸಿದಾಗಲೇ ಪೂರ್ತಿ ಎಚ್ಚರ. ಮನುಷ್ಯರ ಇಆರ್‌ಕೆ-1ರಲ್ಲಿ ಈ ಜಾಗಗಳು 202 ಮತ್ತು 204. ನಡುವೆ ಒಂದು ಗ್ಲುಟಮೇಟ್. ಮೂರೂ ಪ್ರೋಟೀನಿನ ಸರದ ಮಣಿಗಳು, ಅಂದರೆ ಅಮೈನೋ ಆಮ್ಲಗಳು; ಅವುಗಳ ಒಂದಕ್ಷರದ ಹೆಸರು ಟಿ, ಇ, ವೈ. ಟಿ-ಇ-ವೈ ಅನ್ನುವ ಈ ಮೂರಕ್ಷರ ನೆನಪಿರಲಿ, ಮಂಡ್ಯದ ಹುಡುಗನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಹಾಗಾಗಿ ಬೇಕಿರುವುದು ಒಂದಲ್ಲ, ಎರಡು ಆಂಟಿಬಾಡಿ. ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಒಂದು ಲೆಕ್ಕ, ಅವರಲ್ಲಿ ಎದ್ದಿರುವವರು ಎಷ್ಟು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ "ಟೋಟಲ್" ಆಂಟಿಬಾಡಿ, ಎರಡನೆಯದಕ್ಕೆ "ಫಾಸ್ಫೊ" ಆಂಟಿಬಾಡಿ. ನೋಡುವುದು ಹೆಚ್ಚಾಗಿ ವೆಸ್ಟರ್ನ್ ಬ್ಲಾಟಿನಲ್ಲಿ: ಪ್ರೋಟೀನ್‌ಗಳನ್ನು ಜೆಲ್ಲಿನಲ್ಲಿ ತೂಕದ ಪ್ರಕಾರ ಬಿಡಿಸಿ, ತೆಳು ಹಾಳೆಗೆ ಇಳಿಸಿ, ಆಂಟಿಬಾಡಿ ಹಾಕಿದರೆ ಅದು ಅಂಟಿದ ಕಡೆ ಪಟ್ಟೆ, ಅಂದರೆ ಬ್ಯಾಂಡ್, ಕಾಣುತ್ತದೆ. ಬಜೆಟ್ ಕಡಿಮೆ ಅಂತ ಫಾಸ್ಫೊ ಒಂದನ್ನೇ ತರಿಸಿದವರನ್ನು ನೋಡಿದ್ದೇನೆ. ಬ್ಯಾಂಡ್ ದಪ್ಪವಾದರೆ ಕಿಣ್ವ ಎಚ್ಚರವಾಯಿತೋ, ಕಿಣ್ವವೇ ಜಾಸ್ತಿಯಾಯಿತೋ, ಆ ಲೇನಿಗೆ ಪ್ರೋಟೀನ್ ಜಾಸ್ತಿ ಬಿತ್ತೋ ಅಂತ ಹೇಳೋದು ಹೇಗೆ?

ಆರಿಸುವ ಮುಂಚೆ

ನಾನು ಮೊದಲು ಕೇಳುವುದು, ಸ್ಯಾಂಪಲ್ ಯಾವ ಪ್ರಾಣಿಯದು? ಆಂಟಿಬಾಡಿ ಮಾಡಿಕೊಟ್ಟ ಪ್ರಾಣಿ ಯಾವುದು? ಈ ಎರಡೂ ಒಂದೇ ಆದರೆ ತಲೆನೋವು ಶುರು. ಆಮೇಲೆ, ಕೆಲಸ ಯಾವುದು: ವೆಸ್ಟರ್ನ್ ಬ್ಲಾಟೋ, ಸ್ಲೈಡಿನ ಮೇಲೆ ಬಣ್ಣ ಬರಿಸುವುದೋ, ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿ ನೋಡುವ ಫ್ಲೋ ಸೈಟೊಮೆಟ್ರಿಯೋ? ಬ್ಲಾಟಿನಲ್ಲಿ ಪ್ರೋಟೀನ್ ಮಡಿಕೆ ಬಿಚ್ಚಿ ಉದ್ದಕ್ಕೆ ಮಲಗಿರುತ್ತದೆ, ಸ್ಲೈಡಿನಲ್ಲಿ ಮುದುಡಿಕೊಂಡೇ ಇರುತ್ತದೆ. ಒಂದರಲ್ಲಿ ಗೆದ್ದ ಆಂಟಿಬಾಡಿ ಇನ್ನೊಂದರಲ್ಲಿ ಸೋಲುವುದು ಮಾಮೂಲು. ಮೂರನೆಯದು, ಇದು ಆರು ತಿಂಗಳ ಎಂಎಸ್ಸಿ ಪ್ರಾಜೆಕ್ಟೋ, ಐದು ವರ್ಷದ ಪಿಎಚ್‌ಡಿಯೋ?

ದುಡ್ಡಿನ ಪ್ರಶ್ನೆ ಕೊನೆಗೆ. ಅದರಲ್ಲೂ ಸೀಸೆಯ ಬೆಲೆ ನೋಡಬೇಡಿ, ಒಂದು ಬ್ಲಾಟಿಗೆ ಎಷ್ಟು ಬೀಳುತ್ತದೆ ನೋಡಿ. 100 ಮೈಕ್ರೋಲೀಟರ್ ಸೀಸೆ, 1:1000 ತೆಳು ಮಾಡಿದರೆ 100 ಎಂ.ಎಲ್. ಮಿನಿ ಬ್ಲಾಟ್ ಒಂದಕ್ಕೆ 5 ಎಂ.ಎಲ್. ಅಂದರೆ 20 ಬ್ಲಾಟ್. 1:2000ಕ್ಕೆ ಕೆಲಸ ಮಾಡುವಂಥದ್ದಾದರೆ 40. ಅರ್ಧ ಬೆಲೆಯದು ಅಂತ ಖುಷಿಯಿಂದ ತಂದ ಸೀಸೆ 1:200ಕ್ಕೆ ಮಾತ್ರ ಬ್ಯಾಂಡ್ ಕೊಟ್ಟರೆ ನಾಲ್ಕೇ ಬ್ಲಾಟಿಗೆ ಖಾಲಿ. ದೇವರಾಜ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಳ್ಳುವಾಗ ಮೊಳಕ್ಕೆ ಎಷ್ಟು ಅಂತ ಮಾತ್ರ ಕೇಳುತ್ತೇವಾ? ಅಳೆಯುವ ಕೈ ಎಷ್ಟು ಉದ್ದ ಅಂತಲೂ ನೋಡುತ್ತೇವೆ ಅಲ್ವಾ? ಹಾಗೆ.

ಮೊಲದ ಪಾಲಿಕ್ಲೋನಲ್

ಕೊಟೇಶನ್‌ನಲ್ಲಿ ಸಾಮಾನ್ಯವಾಗಿ ಕಡಿಮೆ ಬೆಲೆಯದು ಇದೇ. ಮೊಲಕ್ಕೆ ಇಆರ್‌ಕೆಯ ಒಂದು ತುಂಡನ್ನು ಚುಚ್ಚಿ, ಅದರ ರಕ್ತದಿಂದ ತೆಗೆದ ಆಂಟಿಬಾಡಿಗಳ ಗುಂಪು. ಗುಂಪು ಅಂದಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಹಿಡಿಯುತ್ತಾರೆ. ಕಿಣ್ವ ಕಡಿಮೆ ಇದ್ದರೂ ಬ್ಯಾಂಡ್ ಕಾಣುತ್ತದೆ, ಆಂಟಿಬಾಡಿಯಿಂದ ಕಿಣ್ವವನ್ನು ಹಿಡಿದು ಹೊರಗೆಳೆಯುವ ಇಮ್ಯುನೊಪ್ರೆಸಿಪಿಟೇಶನ್‌ಗೂ ಒಳ್ಳೆಯದು. ಆದರೆ ಬೇಡದ ಕಡೆ ಹಿಡಿಯುವವರೂ ಅದೇ ಗುಂಪಿನಲ್ಲಿ ಇರುತ್ತಾರೆ.

ನಿಜವಾದ ತೊಂದರೆ ಎರಡನೇ ಸೀಸೆಯಲ್ಲಿ. ಲಾಟ್ ನಂಬರ್ ಬದಲಾದರೆ ಮೊಲವೇ ಬೇರೆ ಇರಬಹುದು. ಫಾಸ್ಫೊ ಆಂಟಿಬಾಡಿಯಲ್ಲಿ ಇದು ಇನ್ನೂ ಕಷ್ಟ. ಫಾಸ್ಫೇಟ್ ಇಲ್ಲದ ತುಂಡಿಗೂ ಅಂಟುವವರನ್ನು ಕಂಪನಿಯವರು ಸೋಸಿ ತೆಗೆಯಬೇಕು. ಸೋಸಿದ್ದು ಈ ಲಾಟಿನಲ್ಲಿ ಚೆನ್ನಾಗಿದ್ದು ಮುಂದಿನದರಲ್ಲಿ ಸುಮಾರಾಗಿದ್ದರೆ, ನಿಮ್ಮ ಮೂರನೇ ವರ್ಷದ ಗ್ರಾಫ್ ಮೊದಲನೇ ವರ್ಷದ್ದರ ಜೊತೆ ಕೂರುವುದಿಲ್ಲ. ಆರು ತಿಂಗಳ ಪ್ರಾಜೆಕ್ಟು, ಒಂದೇ ಸೀಸೆಯಲ್ಲಿ ಮುಗಿಯುತ್ತದೆ ಅನ್ನುವವರು ಟೋಟಲ್‌ಗೆ ಇದನ್ನು ಧಾರಾಳವಾಗಿ ತರಿಸಬಹುದು. ಫಾಸ್ಫೊಗೆ ನಾನಂತೂ ತರಿಸಲ್ಲ.

ಮೌಸ್ ಮೊನೊಕ್ಲೋನಲ್

1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ಮೌಸ್‌ನ (ಚಿಕ್ಕ ಇಲಿಯ) ಆಂಟಿಬಾಡಿ ಮಾಡುವ ಬಿ ಜೀವಕೋಶವನ್ನು ಸಾಯದ ಕ್ಯಾನ್ಸರ್ ಜೀವಕೋಶದ ಜೊತೆ ಬೆಸೆದು ಹೈಬ್ರಿಡೋಮಾ ಮಾಡಿ ತೋರಿಸಿದರು. 1984ರಲ್ಲಿ ನೊಬೆಲ್ ಬಂತು. ಒಂದೇ ಜೀವಕೋಶದ ಸಂತಾನ, ಅಂದರೆ ಒಂದು ಕ್ಲೋನ್, ಆದ್ದರಿಂದ ಒಂದೇ ಥರದ ಆಂಟಿಬಾಡಿ, ಒಂದೇ ಜಾಗಕ್ಕೆ ಹಿಡಿತ. ಇದರದ್ದೂ ಒಂದು ಗುಟ್ಟಿದೆ. 2018ರಲ್ಲಿ 185 ಹೈಬ್ರಿಡೋಮಾಗಳನ್ನು ಬಿಡಿಸಿ ನೋಡಿದಾಗ 59ರಲ್ಲಿ ಆಂಟಿಬಾಡಿಯ ಬೇಡದ ಹೆಚ್ಚುವರಿ ಸರಪಳಿಗಳು ತಯಾರಾಗುತ್ತಿದ್ದವು. "ಮೊನೊ" ಅಂತ ಲೇಬಲ್ ಇದ್ದ ಮಾತ್ರಕ್ಕೆ ಒಳಗಿರುವುದು ಒಂದೇ ಅಂತ ಹೇಳಲಾಗದು.

ಆದರೂ ಮನುಷ್ಯರ ಜೀವಕೋಶದ ಮೇಲೆ ಕೆಲಸ ಮಾಡುವವರಿಗೆ ಇದು ಚೆನ್ನಾಗಿರುತ್ತದೆ. ಎರಡೂ ಫಾಸ್ಫೇಟ್ ಇರುವ ಇಆರ್‌ಕೆಗೆ "ಇ10" ಅನ್ನುವ ಹಳೆಯ ಮೌಸ್ ಕ್ಲೋನ್ ಇದೆ, ತುಂಬಾ ಲ್ಯಾಬ್‌ಗಳು ಬಳಸಿವೆ. ಕೊಟೇಶನ್‌ನಲ್ಲಿ ಕ್ಯಾಟಲಾಗ್ ನಂಬರಿಗಿಂತ ಮೊದಲು ಈ ಕ್ಲೋನ್ ಹೆಸರು ಹುಡುಕಿ. ಒಂದೇ ಕ್ಲೋನ್ ಎರಡು ಲೇಬಲ್ಲಿನಲ್ಲಿ ಎರಡು ಬೆಲೆಗೆ ಬರುವುದುಂಟು.

ಬ್ಲಾಟಿನಲ್ಲಿ ಕಿಣ್ವವನ್ನು ಹಿಡಿಯುವ ಆಂಟಿಬಾಡಿ ಪ್ರೈಮರಿ; ಆ ಪ್ರೈಮರಿ ಬಂದ ಪ್ರಾಣಿಯ ಆಂಟಿಬಾಡಿಗೆ ಅಂಟಿ ಬ್ಯಾಂಡ್ ಕಾಣಿಸುವ ಇನ್ನೊಂದು ಆಂಟಿಬಾಡಿ ಸೆಕೆಂಡರಿ. ಮೌಸ್ ಅಂಗಾಂಶಕ್ಕೆ ಮಾತ್ರ ಇದು ಬೇಡ. ಯಾಕೆ ಅಂತ ನನಗೆ ಮೂರು ತಿಂಗಳು ಖರ್ಚಾಗಿ ಗೊತ್ತಾಯಿತು.

ಪಿಎಚ್‌ಡಿಯ ಎರಡನೇ ವರ್ಷ. ಮೌಸ್ ಲಿವರ್ ಅರೆದು, ಬ್ಲಾಟ್ ಓಡಿಸಿ, ಡಾರ್ಕ್ ರೂಮಿನಲ್ಲಿ ಫಿಲ್ಮ್ ತೊಳೆದರೆ ದಪ್ಪ, ಕಪ್ಪು, ಕಾಡಿಗೆ ತೀಡಿದ ಹಾಗೆ ಬ್ಯಾಂಡ್. 44ಕ್ಕಿಂತ ಸ್ವಲ್ಪ ಮೇಲಿತ್ತು. ಜೆಲ್ ಓರೆಯಾಗಿ ಓಡಿದೆ ಅಂತ ಸಮಾಧಾನ ಮಾಡಿಕೊಂಡೆ. ಔಷಧಿ ಕೊಟ್ಟ ಮೌಸ್‌ಗೂ ಅದೇ ಬ್ಯಾಂಡ್, ಕೊಡದಿದ್ದಕ್ಕೂ ಅದೇ. ಡೋಸ್ ಬದಲಾಯಿಸಿದೆ, ಸಮಯ ಬದಲಾಯಿಸಿದೆ, ಎರಡು ಸಲ ಬಫರ್ ಹೊಸದಾಗಿ ಮಾಡಿದೆ. ಒಂದು ಶನಿವಾರ ಸೀನಿಯರ್ ಅಕ್ಕ ಒಬ್ಬರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಪ್ರೈಮರಿ ಹಾಕದೆ ಒಂದು ಬ್ಲಾಟ್ ಮಾಡಿದ್ದೀಯೇನೇ?" ಅಂದರು. ಮಾಡಿರಲಿಲ್ಲ. ಸೋಮವಾರ ಮಾಡಿದೆ. ಅದೇ ಕಾಡಿಗೆ ಬ್ಯಾಂಡ್.

ಲಿವರ್ ಅಂದರೆ ರಕ್ತ. ರಕ್ತದಲ್ಲಿ ಮೌಸ್‌ನ ಸ್ವಂತ ಆಂಟಿಬಾಡಿ ತುಂಬಿರುತ್ತದೆ. ಜೆಲ್‌ನಲ್ಲಿ ಅದರ ದೊಡ್ಡ ಸರಪಳಿ, ಅಂದರೆ ಹೆವಿ ಚೈನ್, 50 ಕಿಲೋಡಾಲ್ಟನ್ ಹತ್ತಿರ, ಲೈಟ್ ಚೈನ್ 25ರ ಹತ್ತಿರ ನಿಲ್ಲುತ್ತದೆ. ನಾನು ಹಾಕಿದ ಆಂಟಿ-ಮೌಸ್ ಸೆಕೆಂಡರಿಗೆ ಯಾವುದು ನನ್ನದು, ಯಾವುದು ಲಿವರಿನದು ಅಂತ ಹೇಗೆ ಗೊತ್ತಾಗಬೇಕು? 50ರ ಬ್ಯಾಂಡ್ ಊದಿಕೊಂಡು 44ನ್ನು ನುಂಗಿತ್ತು. ಮೂರು ತಿಂಗಳು ನಾನು ಅಳೆದದ್ದು ಇಲಿಯ ರಕ್ತವನ್ನು.

ರ‍್ಯಾಟ್ ಅಂಗಾಂಶದಲ್ಲೂ ಹುಷಾರು. ಮೌಸ್ ಚಿಕ್ಕ ಇಲಿ, ಇದು ದೊಡ್ಡದು, ಎರಡೂ ಹತ್ತಿರದ ನೆಂಟರು, ಆಂಟಿ-ಮೌಸ್ ಸೆಕೆಂಡರಿ ರ‍್ಯಾಟ್ ಆಂಟಿಬಾಡಿಗೂ ಅಂಟುತ್ತದೆ. ರ‍್ಯಾಟ್‌ಗೆ ಅಂಟುವುದನ್ನು ಸೋಸಿ ತೆಗೆದ ಸೆಕೆಂಡರಿಯನ್ನೇ ಕೇಳಿ ತರಿಸಬೇಕು. ಮೌಸ್ ಪ್ರೈಮರಿ ಆಗಲೇ ಕೈಯಲ್ಲಿದ್ದು, ಹೊಸದಕ್ಕೆ ದುಡ್ಡಿಲ್ಲ ಅನ್ನುವವರಿಗೂ ಒಂದು ದಾರಿ ಇದೆ: ಲೈಟ್ ಚೈನ್‌ಗೆ ಮಾತ್ರ ಅಂಟುವ ಸೆಕೆಂಡರಿ. ಗಲೀಜೆಲ್ಲ 25ಕ್ಕೆ ಇಳಿಯುತ್ತದೆ, 42-44ರ ಜಾಗ ಖಾಲಿ ಸಿಗುತ್ತದೆ.

ಮೊಲದ ರೀಕಾಂಬಿನಂಟ್ ಮೊನೊಕ್ಲೋನಲ್

ಫಾಸ್ಫೊಗೆ ನನ್ನ ಓಟು ಇದಕ್ಕೇ. ಮೌಸ್‌ಗೆ ಮೌಸ್‌ನ ಹಾಗೇ ಇರುವ ಪ್ರೋಟೀನ್ ಚುಚ್ಚಿದರೆ ಅದು "ನಮ್ಮದೇ ಅಲ್ವಾ" ಅಂತ ಸುಮ್ಮನಾಗಿಬಿಡಬಹುದು. ಮೊಲ ಅಷ್ಟು ಸೋಮಾರಿಯಲ್ಲ, ಅದರ ಆಂಟಿಬಾಡಿಗಳ ಹಿಡಿತವೂ ಸಾಮಾನ್ಯವಾಗಿ ಗಟ್ಟಿ. ಆದರೆ ಮೊಲದ ಹೈಬ್ರಿಡೋಮಾ ಮಾಡಲು ಬೆಸೆಯುವ ಜೊತೆ ಜೀವಕೋಶವೇ ಬಹಳ ಕಾಲ ಇರಲಿಲ್ಲ. 1995ರಲ್ಲಿ ಅಮೆರಿಕದ ಲೊಯೊಲಾ ವಿಶ್ವವಿದ್ಯಾಲಯದ ಕ್ಯಾಥರೀನ್ ನೈಟ್ ಅವರ ಲ್ಯಾಬಿನಿಂದ ಅದು ಬಂತು. ಈಗ ಅದರ ಮೇಲೂ ಒಂದು ಹೆಜ್ಜೆ ಹೋಗಿ, ಆಂಟಿಬಾಡಿಯ ಜೀನನ್ನೇ ಓದಿಟ್ಟುಕೊಂಡು ಬೇರೆ ಜೀವಕೋಶದಲ್ಲಿ ಮಾಡಿಸುತ್ತಾರೆ. ಮೊಲ ಸತ್ತರೂ, ಹೈಬ್ರಿಡೋಮಾ ಕೆಟ್ಟರೂ ಅಕ್ಷರ ಕಾಗದದಲ್ಲಿದೆ. ಲಾಟ್ ಬದಲಾದರೂ ಅದೇ ಆಂಟಿಬಾಡಿ.

2023ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 65 ಪ್ರೋಟೀನ್‌ಗಳಿಗೆ ಮಾರಾಟವಾಗುವ 614 ಆಂಟಿಬಾಡಿಗಳನ್ನು, ಆ ಪ್ರೋಟೀನ್ ಇರುವ ಜೀವಕೋಶ ಮತ್ತು ಜೀನ್ ತೆಗೆದ ಜೀವಕೋಶ ಅಕ್ಕಪಕ್ಕ ಇಟ್ಟು ನೋಡಿದರು. ಸರಾಸರಿಯಲ್ಲಿ ಮೇಲೆ ಬಂದದ್ದು ರೀಕಾಂಬಿನಂಟ್‌ಗಳೇ. ಆ ಪಟ್ಟಿಯಲ್ಲಿದ್ದವು ನರಮಂಡಲದ ಪ್ರೋಟೀನ್‌ಗಳು, ಆದರೂ ನನ್ನ ಬೆಂಚಿನ ಅನುಭವಕ್ಕೆ ಹೊಂದುತ್ತದೆ.

ಫಾಸ್ಫೊಗೆ "ಡಿ13.14.4ಇ", ಟೋಟಲ್‌ಗೆ "137ಎಫ್5" ಅನ್ನುವ ಮೊಲದ ಕ್ಲೋನ್‌ಗಳು ಚೆನ್ನಾಗಿ ಹೆಸರು ಮಾಡಿವೆ. ಬೆಲೆ ಮಾತ್ರ ಕೊಟೇಶನ್‌ಗಳಲ್ಲಿ ಎಲ್ಲರಿಗಿಂತ ಮೇಲೆ. ಇನ್ನೊಂದು ಕಿರಿಕಿರಿ: ಟೋಟಲ್, ಫಾಸ್ಫೊ ಎರಡೂ ಮೊಲದ್ದೇ ಆದರೆ ಒಂದೇ ಬ್ಲಾಟಿನಲ್ಲಿ ಒಟ್ಟಿಗೆ ನೋಡಲಾಗದು. ಮೊದಲು ಫಾಸ್ಫೊ ನೋಡಿ, ತೊಳೆದು ತೆಗೆದು, ಆಮೇಲೆ ಟೋಟಲ್. ತೊಳೆಯುವಾಗ ಪ್ರೋಟೀನೂ ಸ್ವಲ್ಪ ಹೋಗುತ್ತದೆ. ಎರಡು ಬಣ್ಣ ನೋಡುವ ಇಮೇಜರ್ ನಿಮ್ಮಲ್ಲಿದ್ದು, ಸ್ಯಾಂಪಲ್ ಮನುಷ್ಯರ ಜೀವಕೋಶವಾದರೆ ಫಾಸ್ಫೊ ಮೊಲದ್ದು, ಟೋಟಲ್ ಮೌಸ್‌ದು ತರಿಸಿ. ಒಂದೇ ಬ್ಲಾಟಿನಲ್ಲಿ ಎರಡೂ ಕಾಣುತ್ತವೆ, ಗ್ರಾಫ್ ಚೊಕ್ಕವಾಗಿ ಬರುತ್ತದೆ. ಮೈಸೂರಿನ ಹುಡುಗಿಗೆ ಹೇಳಿದ್ದು ಇದನ್ನೇ.

ಬಾಲಕ್ಕೇ ಕಿಣ್ವ ಕಟ್ಟಿದ್ದು

ಪ್ರೈಮರಿಗೇ ನೇರವಾಗಿ ಎಚ್‌ಆರ್‌ಪಿ (ಬೆಳಕು ಹೊಮ್ಮಿಸಿ ಬ್ಯಾಂಡ್ ತೋರಿಸುವ ಕಿಣ್ವ) ಅಥವಾ ಹೊಳೆಯುವ ಬಣ್ಣ ಜೋಡಿಸಿದ ಆಂಟಿಬಾಡಿಯೂ ಸಿಗುತ್ತದೆ. ಸೆಕೆಂಡರಿ ಬೇಡ, ಒಂದು ಗಂಟೆ ಉಳಿತಾಯ, ಮೌಸ್ ಅಂಗಾಂಶದ ರಗಳೆಯೂ ಬಹಳ ಮಟ್ಟಿಗೆ ಇಲ್ಲ. ಆದರೆ ಒಂದು ಪ್ರೈಮರಿಗೆ ನಾಲ್ಕೈದು ಸೆಕೆಂಡರಿ ಅಂಟಿ ಬೆಳಕು ಹೆಚ್ಚಿಸುವ ಅನುಕೂಲ ತಪ್ಪುತ್ತದೆ. ಇಆರ್‌ಕೆ ಕಡಿಮೆ ಇರುವ ಸ್ಯಾಂಪಲ್‌ನಲ್ಲಿ ಬ್ಯಾಂಡ್ ಮಂಕು. ಫ್ಲೋ ಮಾಡುವವರು ತರಿಸಿ, ಬ್ಲಾಟಿಗೆ ನನ್ನ ಮಟ್ಟಿಗೆ ದುಬಾರಿ. ತೆಳು ಮಾಡಿದ ಆಂಟಿಬಾಡಿಯನ್ನು ಕೆಡದ ಹಾಗೆ ಸೋಡಿಯಂ ಅಜೈಡ್ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ಸಲ ಬಳಸುವುದು ನಮ್ಮ ಎಲ್ಲರ ಉಳಿತಾಯದ ಉಪಾಯ. ಎಚ್‌ಆರ್‌ಪಿ ಕಟ್ಟಿದ್ದಕ್ಕೆ ಅದನ್ನು ಮಾಡಬೇಡಿ, ಅಜೈಡ್ ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ.

"ನಾವೇ ಹೈಬ್ರಿಡೋಮಾ ಮಾಡಿಕೊಂಡರೆ?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅನಿಮಲ್ ಹೌಸ್, ಎಥಿಕ್ಸ್ ಕಮಿಟಿ, ಲಿಕ್ವಿಡ್ ನೈಟ್ರೋಜನ್, ತಿಂಗಳುಗಟ್ಟಲೆ ಕ್ಲೋನ್ ಸೋಸುವ ತಾಳ್ಮೆ, ಇಷ್ಟೂ ಬೇಕು. ಅಂಗಡಿಯಲ್ಲಿ ಸಿಗುವ ಇಆರ್‌ಕೆಗೆ ಇಷ್ಟೆಲ್ಲ ಬೇಡ.

ಭತ್ತ, ರೇಷ್ಮೆ ಹುಳು

ಮಂಡ್ಯದ ಹುಡುಗ ಕ್ಯಾಟಲಾಗ್ ಪೂರ್ತಿ ಜಾಲಾಡಿದ್ದ. ಎಲ್ಲ ಕಡೆ "ಮನುಷ್ಯ, ಮೌಸ್, ರ‍್ಯಾಟ್". ಭತ್ತ ಎಲ್ಲೂ ಇಲ್ಲ. ಬೇಜಾರಾಗಿ ಫೋನ್ ಮಾಡಿದ್ದ.

ಟಿ-ಇ-ವೈ ನೆನಪಿದೆಯಲ್ಲ? ಗಿಡದ ಎಂಪಿಕೆ-3, ಎಂಪಿಕೆ-6 ಅನ್ನುವ ದಾಯಾದಿಗಳಲ್ಲೂ ಅದೇ ಮೂರಕ್ಷರ, ಫಾಸ್ಫೇಟ್ ಕೂರುವುದೂ ಅಲ್ಲೇ. ಆದ್ದರಿಂದ ಮನುಷ್ಯರ ಫಾಸ್ಫೊ-ಇಆರ್‌ಕೆಗೆ ಮಾಡಿದ ಮೊಲದ ಆಂಟಿಬಾಡಿಯನ್ನೇ ಗಿಡದ ಲ್ಯಾಬ್‌ಗಳು ವರ್ಷಗಳಿಂದ ಬಳಸುತ್ತಿವೆ. ಹಣ್ಣುನೊಣದಲ್ಲೂ ಎಚ್ಚರಗೊಂಡ ಇಆರ್‌ಕೆಯನ್ನು ಇಂಥದ್ದೇ ಆಂಟಿಬಾಡಿಯಿಂದ ನೋಡುತ್ತಾರೆ, ರೇಷ್ಮೆ ಹುಳುವಿಗೂ ಅದೇ ನಂಬಿಕೆಯ ಮೇಲೆ ಪ್ರಯತ್ನಿಸಬಹುದು. ಟೋಟಲ್ ಆಂಟಿಬಾಡಿಗೆ ಈ ಭಾಗ್ಯವಿಲ್ಲ. ಅದು ಹಿಡಿಯುವುದು ಕಿಣ್ವದ ಬೇರೆ ಜಾಗವನ್ನು, ಆ ಜಾಗ ಪ್ರಾಣಿಯಿಂದ ಪ್ರಾಣಿಗೆ ಬದಲಾಗಿರಬಹುದು. ಭತ್ತಕ್ಕಂತೂ ಮನುಷ್ಯರ ಟೋಟಲ್ ತರಿಸಿ ದುಡ್ಡು ಕಳೆಯಬೇಡಿ. ಎಲ್ಲ ಪ್ರೋಟೀನಿಗೂ ಬಣ್ಣ ಹಿಡಿಸುವ ಪೊನ್ಸೋ ಕೆಂಪಿನಲ್ಲಿ ಬ್ಲಾಟ್ ಅದ್ದಿ, 55ರ ಹತ್ತಿರ ಬರುವ ರುಬಿಸ್ಕೋ (ಎಲೆಯಲ್ಲಿ ತುಂಬಿರುವ ಪ್ರೋಟೀನ್) ಪಟ್ಟೆಯನ್ನು ಲೋಡಿಂಗ್ ಲೆಕ್ಕಕ್ಕೆ ಇಟ್ಟುಕೊಳ್ಳಿ. ಬೆಲೆ ಪುಡಿಗಾಸು.

ಎರಡು ಎಚ್ಚರಿಕೆ. ಬ್ಯಾಂಡ್ ಬಂತು ಅಂತ ಅದು ಎಂಪಿಕೆ-6 ಅಂತ ಬರೆದುಬಿಡಬೇಡಿ. ಹತ್ತಿರ ಹತ್ತಿರದ ತೂಕದ ದಾಯಾದಿಗಳು ಬಹಳ, ಆ ಜೀನ್ ಕೆಟ್ಟ ಮ್ಯೂಟೆಂಟ್ ಗಿಡವಿಲ್ಲದೆ ಯಾರು ಯಾರು ಅಂತ ಹೇಳಲಾಗದು. ಎರಡನೆಯದು, ಎಲೆ ಕತ್ತರಿಸಿದ ಗಾಯಕ್ಕೇ ಈ ಕಿಣ್ವಗಳು ಎಚ್ಚರವಾಗುತ್ತವೆ. ಕತ್ತರಿಸಿದ ತುಂಡುಗಳನ್ನು ಆ ಎಚ್ಚರ ಇಳಿಯುವ ಹಾಗೆ ರಾತ್ರಿಯಿಡೀ ನೀರಿನ ಮೇಲೆ ತೇಲಲು ಬಿಟ್ಟು, ಬೆಳಗ್ಗೆ ಕೈಟಿನ್ (ಎಲೆಗೆ ಶಿಲೀಂಧ್ರ ಬಂತು ಅನ್ನಿಸುವ ವಸ್ತು) ಹಾಕಿ, ಹತ್ತು ಹದಿನೈದು ನಿಮಿಷಕ್ಕೆ ತೆಗೆಯಿರಿ.

ಉಳಿದ ದುಡ್ಡು ಇಲ್ಲಿ ಹಾಕಿ

ಒಳ್ಳೆಯ ಆಂಟಿಬಾಡಿ ತಂದು ಸ್ಯಾಂಪಲ್ ಕೆಡಿಸುವವರೇ ಜಾಸ್ತಿ. ಅಂಗಾಂಶ ಹೊರಗೆ ಬಂದ ಕ್ಷಣದಿಂದ ಫಾಸ್ಫಟೇಸ್‌ಗಳು ಫಾಸ್ಫೇಟ್ ಕಿತ್ತು ಹಾಕಲು ಶುರು ಮಾಡುತ್ತವೆ. ಲಿಕ್ವಿಡ್ ನೈಟ್ರೋಜನ್ ಪಕ್ಕದಲ್ಲೇ ಇರಲಿ. ಬಫರಿನಲ್ಲಿ ಸೋಡಿಯಂ ಫ್ಲೋರೈಡ್, ಆರ್ಥೊವೆನಡೇಟ್ ಎರಡೂ ಇರಲಿ. ವೆನಡೇಟ್ ಪುಡಿಯನ್ನು ಸುಮ್ನೆ ನೀರಿಗೆ ಹಾಕಿದರೆ ಸಾಲದು. ಪಿಎಚ್ 10ಕ್ಕೆ ತಂದಾಗ ಹಳದಿಯಾಗುತ್ತದೆ, ಕುದಿಸಿದರೆ ನೀರಿನ ಹಾಗೆ ತಿಳಿಯಾಗುತ್ತದೆ. ಆರಿದ ಮೇಲೆ ಮತ್ತೆ ಪಿಎಚ್ ನೋಡಿ, ಹಳದಿ ಬಾರದಿರುವ ತನಕ ಇದನ್ನೇ ಮಾಡಬೇಕು.

ಬ್ಲಾಟಿನ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದ ಹಾಗೆ ಬ್ಲಾಕ್ ಮಾಡಲು ಹಾಲಿನ ಪುಡಿ ಅಗ್ಗ, ನಿಜ. ಆದರೆ ಹಾಲಿನ ಕೇಸೀನ್ ಮೈತುಂಬ ಫಾಸ್ಫೇಟ್ ಹೊತ್ತ ಪ್ರೋಟೀನ್. ಫಾಸ್ಫೊ ಆಂಟಿಬಾಡಿಗೆ 5 ಪರ್ಸೆಂಟ್ ಬಿಎಸ್‌ಎಯೇ (ದನದ ರಕ್ತದ ಅಲ್ಬುಮಿನ್) ಕ್ಷೇಮ. ಟೋಟಲ್‌ಗೆ ಹಾಲು ಸಾಕು.

ಕಂಟ್ರೋಲ್‌ಗೆ ದುಬಾರಿ ಗ್ರೋತ್ ಫ್ಯಾಕ್ಟರ್ ತರಿಸುವುದೇನೂ ಬೇಡ. ಜೀವಕೋಶಗಳನ್ನು ರಾತ್ರಿ ಸೀರಮ್ ಇಲ್ಲದೆ ಉಪವಾಸ ಕೆಡವಿ, ಬೆಳಗ್ಗೆ ಸೀರಮ್ ಹಾಕಿ ಹತ್ತು ನಿಮಿಷ. ಫಾಸ್ಫೊ ಬ್ಯಾಂಡ್ ಎದ್ದು ಕೂರಬೇಕು. ಇನ್ನೊಂದು ಪ್ಲೇಟಿಗೆ ಅರ್ಧ ಗಂಟೆ ಮೊದಲೇ ಯು0126 ಹಾಕಿ ಮೆಕ್ ಅನ್ನು ಕಟ್ಟಿಹಾಕಿ, ಆಗ ಏಳಬಾರದು. ಟೋಟಲ್ ಎರಡರಲ್ಲೂ ಒಂದೇ ಥರ ಇರಬೇಕು. ಜೊತೆಗೆ ಪ್ರೈಮರಿ ಇಲ್ಲದ ಒಂದು ಬ್ಲಾಟ್. ಲಿವರ್ ಹುಡುಗನಿಗೆ ಮೊಲದ ಕ್ಲೋನ್‌ಗಳನ್ನು ಹೇಳಿ, ಈ ಕೊನೆಯ ಮಾತನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದೆ.

ತರಿಸುವ ದಿನವನ್ನೂ ಯೋಚಿಸಿ. ಒಂದು ವರ್ಷ ನಮ್ಮ ಪಾರ್ಸೆಲ್ ಆಯುಧಪೂಜೆಯ ಸಂಜೆ ಬಂತು. ಸೆಂಟ್ರಿಫ್ಯೂಜ್‌ಗೆ ಕುಂಕುಮ ಇಟ್ಟು, ಬಾಗಿಲಿಗೆ ಬಾಳೆಕಂದು ಕಟ್ಟಿ ಎಲ್ಲರೂ ಮನೆಗೆ ಹೋಗಿಯಾಗಿತ್ತು. ಸೆಕ್ಯುರಿಟಿಯವರು ಡಬ್ಬಿಯನ್ನು ಜೋಪಾನವಾಗಿ ಕುರ್ಚಿಯ ಕೆಳಗೆ ಇಟ್ಟಿದ್ದರು. ವಿಜಯದಶಮಿ ಕಳೆದು ಬಂದು ನೋಡಿದರೆ ಐಸ್ ಪ್ಯಾಕ್ ಬೆಚ್ಚಗಿತ್ತು. ಪುಣ್ಯಕ್ಕೆ ಅದು ಅರ್ಧ ಗ್ಲಿಸರಾಲ್‌ನಲ್ಲಿದ್ದ ಆಂಟಿಬಾಡಿ, ಬದುಕಿತು. ಆದರೂ ಹೊಸ ಕಂಟ್ರೋಲ್ ಓಡಿಸಿ ನೋಡುವ ತನಕ ನನಗೆ ನೆಮ್ಮದಿ ಇರಲಿಲ್ಲ. ಗ್ಲಿಸರಾಲ್ ಇರುವ ಸೀಸೆಯನ್ನು ಮೈನಸ್ 20ರಲ್ಲಿಡಿ. ತಾನಾಗಿ ಮಂಜು ಕರಗಿಸಿಕೊಳ್ಳುವ ಮನೆ ಫ್ರಿಜ್ಜಿನ ಫ್ರೀಜರ್ ಬೇಡ, ಅದು ಆಗಾಗ ಬಿಸಿಯಾಗಿ ತಣ್ಣಗಾಗುತ್ತಿರುತ್ತದೆ.

ಮಂಡ್ಯದ ಹುಡುಗನಿಗೆ ಸದ್ಯಕ್ಕೆ ಏನೂ ತರಿಸಬೇಡ ಅಂದಿದ್ದೇನೆ. ನಮ್ಮ ಎಕ್ಕದೆಲೆ ಡಬ್ಬಿಯಲ್ಲಿರುವ ಮೊಲದ ಫಾಸ್ಫೊ ಸೀಸೆಯಿಂದ ಐದು ಮೈಕ್ರೋಲೀಟರ್ ಕೊಡುತ್ತೇನೆ. 1:1000ಕ್ಕೆ ಒಂದು ಬ್ಲಾಟಾಗುತ್ತದೆ. ಅರ್ಧಕ್ಕೆ ಕತ್ತರಿಸಿದರೆ ಗೆಳತಿಯ ರೇಷ್ಮೆ ಹುಳುವಿಗೂ ಸಾಲುತ್ತದೆ. ಬ್ಯಾಂಡ್ ಕಂಡರೆ ಕೊಟೇಶನ್ ತರಿಸಲಿ. ಥರ್ಮಾಸಿನಲ್ಲಿ ಐಸ್ ತುಂಬಿಕೊಂಡು ಬಾ, ಬಸ್ಸಿನಲ್ಲಿ ಒಂದು ಗಂಟೆ ದಾರಿ, ಕರಗಲ್ಲ ಅಂದೆ. ಶುಕ್ರವಾರ ಬರುತ್ತಾನಂತೆ.